ನೂರಾನಾಲ್ಕು ಕೀಗಳ ಚಿಕ್ಕಹನುಮಕ್ಕ

ಬೆಳಗಿನ ಆರು ಗಂಟೆ. ಮಧುಗಿರಿ ಬೆಟ್ಟದ ನೆತ್ತಿಗೆ ಬಿಸಿಲು ಈಗಷ್ಟೇ ತಾಕಿದೆ. ಕೆಳಗೆ ಕೇರಿಯ ಮನೆಯೊಂದರ ಮುಂದೆ ಚಪ್ಪಡಿ ಕಲ್ಲಿನ ಮೇಲೆ ಚಿಕ್ಕಹನುಮಕ್ಕ ಕಾಲು ಚಾಚಿ ಕೂತಿದ್ದಾರೆ. ಪಕ್ಕದಲ್ಲಿ ಅಲ್ಯೂಮಿನಿಯಂ ಬೋಸಿ. ಅದರ ಸೋಪಿನ ನೀರಿನಲ್ಲಿ, ಹಿತುಕಲು ನೆನೆಹಾಕಿದ ಅವರೆಕಾಳಿನಂತೆ, ಕಂಪ್ಯೂಟರಿನ ಅಕ್ಷರಗಳು ಮುಳುಗಿವೆ. ತೊಡೆಯ ಮೇಲೆ ಆ ಅಕ್ಷರದ ಕ್ಯಾಪುಗಳನ್ನೆಲ್ಲ ಕಿತ್ತ ಒಂದು ಭಾರದ ಕೀಬೋರ್ಡು.

ಒಂದೊಂದೇ ಕೀಯನ್ನು ಬೆರಳ ತುದಿಯಲ್ಲಿ ಒತ್ತಿ ಅವರು ಕಿವಿಗೊಡುತ್ತಾರೆ. ಟಕ್. ಟಕ್. ಟಕ್. ನಾಲ್ಕನೆಯದಕ್ಕೆ ಕೈ ನಿಲ್ಲುತ್ತದೆ. ನನ್ನ ಕಿವಿಗೆ ಅದೂ ಉಳಿದವುಗಳಂತೆಯೇ ಕೇಳಿಸಿತು.

"ಇದು ಸತ್ತೈತೆ ಕಣಮ್ಮ. ಸದ್ದು ಬತ್ತೈತೆ, ಅಕ್ಷರ ಬೀಳಲ್ಲ. ಅದ್ರ ಪಕ್ಕದ್ದು ಒಂದು ಒತ್ತಿದ್ರೆ ಎರಡು ಬೀಳ್ತೈತೆ. ಎರಡೂ ಬಿಚ್ಬೇಕು."

ಎಂಟೂವರೆಯ ಬಸ್ಸಿಗೆ ಈ ಕೀಬೋರ್ಡು ಪಾವಗಡಕ್ಕೆ ಹೊರಡಬೇಕು. ಅಲ್ಲಿ ಅರ್ಜಿ, ಕರಾರುಪತ್ರ ಟೈಪ್ ಮಾಡುವ ಶಂಕರಲಿಂಗಪ್ಪ ಎರಡು ದಿನದಿಂದ ಕೈಕಟ್ಟಿ ಕೂತಿದ್ದಾರೆ. ಅವರಿಗೆ ಎಪ್ಪತ್ತೊಂದು ವರ್ಷ. ಕಣ್ಣು ಮಂಜಾಗಿದೆ. ಅಕ್ಷರ ನೋಡಿ ಒತ್ತುವ ಕಾಲ ಮುಗಿದು, ಈಗ ಬೆರಳಿಗೆ ತಾಕುವ ಆ ಸಣ್ಣ ಪೆಟ್ಟನ್ನೇ ನಂಬಿ ಟೈಪ್ ಮಾಡುತ್ತಾರೆ. ಮೊಮ್ಮಗಳು ತಂದುಕೊಟ್ಟ ತೆಳ್ಳನೆಯ ಹೊಸ ಕೀಬೋರ್ಡು ಅವರ ಕೈಗೆ ಒಗ್ಗಲಿಲ್ಲ.

ಅಗ್ಗದ ಕೀಬೋರ್ಡಿನಲ್ಲಿ ಎಲ್ಲ ಕೀಗಳ ಅಡಿಗೂ ಒಂದೇ ರಬ್ಬರ್ ಹಾಳೆ ಇರುತ್ತದೆ. ಈ ಹಳೆಯ ಭಾರದ ಕೀಬೋರ್ಡುಗಳಲ್ಲಿ ಹಾಗಲ್ಲ. ಪ್ರತಿ ಕೀಗೂ ಬೆಂಕಿಪೊಟ್ಟಣದ ತಮ್ಮನಂಥ ಒಂದು ಪುಟ್ಟ ಪೆಟ್ಟಿಗೆ ಇದೆ. ಅದೇ ಸ್ವಿಚ್ಚು. ಅದರೊಳಗೆ ಒಂದು ಸ್ಪ್ರಿಂಗು, ಕೂದಲಿಗಿಂತ ತುಸು ದಪ್ಪದ ಲೋಹದ ಎಳೆ. ಒತ್ತಿದಾಗ ಎಳೆ ಹೋಗಿ ಇನ್ನೊಂದಕ್ಕೆ ತಾಕಬೇಕು. ಧೂಳು ಕೂತರೆ, ಕಿಲುಬು ಹಿಡಿದರೆ, ಸ್ಪ್ರಿಂಗು ಸೋತರೆ ತಾಕುವುದಿಲ್ಲ, ಇಲ್ಲವೇ ಎರಡೆರಡು ಸಲ ತಾಕುತ್ತದೆ. ಒಂದು ಕೀಬೋರ್ಡಿನಲ್ಲಿ ಇಂಥ ನೂರಾನಾಲ್ಕು ಪೆಟ್ಟಿಗೆ. ಚಿಕ್ಕಹನುಮಕ್ಕನ ಕೈಗೆ ವಾರಕ್ಕೆ ಐದಾರು ಕೀಬೋರ್ಡು ಬರುತ್ತವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನ ಡಿಟಿಪಿ ಅಂಗಡಿಗಳು, ಟೈಪಿಸ್ಟರು, ಮದುವೆ ಕಾರ್ಡಿನ ಪ್ರೆಸ್ಸುಗಳು ಕಳಿಸುವಂಥವು.

ಎಲ್ಲಿಯದೆಂದು ಯಾರೂ ಹೇಳಬೇಕಾಗಿಲ್ಲ. "ಕ್ಯಾಪು ಕಿತ್ತೇಟ್ಗೆ ಊರು ಗೊತ್ತಾಗ್ಬುಡ್ತೈತೆ. ಪಾವಗಡದ್ರಲ್ಲಿ ಕಡ್ಲೇಕಾಯಿ ಸಿಪ್ಪೆ. ಕೊರಟಗೆರೆ ಕಡೆ ದೇವಸ್ಥಾನದ ರಸೀದಿ ಕೌಂಟರಿಂದು ಒಂದು ಬತ್ತೈತೆ, ಅದ್ರ ತುಂಬ ಕುಂಕ್ಮ. ವಳ್ಳೂರಿನ ಸೋಲಾರ್ ಆಫೀಸಿಂದ ಒಂದು ಬಂದಿತ್ತು, ಬರೀ ಮಣ್ಣು. ಬಿತ್ತನೆ ಮಾಡ್ಬೋದಾಗಿತ್ತು ಅದ್ರಲ್ಲಿ."

ಎಲ್ಲಕ್ಕಿಂತ ಮೊದಲು ಸವೆಯುವುದು ಎಫ್ ಕೀ. ಕನ್ನಡ ಟೈಪ್ ಮಾಡುವಾಗ ಒತ್ತಕ್ಷರ ಕೂಡಿಸಲು ಅದೇ ಬೇಕು. ಪೇಟೆಯಲ್ಲಿ ಬಿಡಿ ಸ್ವಿಚ್ಚು ಸಿಗುವುದಿಲ್ಲವಾದ್ದರಿಂದ ಚಿಕ್ಕಹನುಮಕ್ಕ ತಾವೇ ಒಂದು ದಾರಿ ಕಂಡುಕೊಂಡಿದ್ದಾರೆ. ಬಲಗಡೆ ಮೇಲಿನ ಮೂಲೆಯಲ್ಲಿ ಯಾರೂ ಒತ್ತದ ಎರಡು ಮೂರು ಕೀಗಳಿರುತ್ತವಲ್ಲ, ಅವುಗಳ ಸ್ವಿಚ್ಚು ಇಪ್ಪತ್ತು ವರ್ಷವಾದರೂ ಹೊಸದರಂತಿರುತ್ತದೆ. ಬೆಸುಗೆ ಬಿಡಿಸಿ ಅದನ್ನು ತಂದು ಎಫ್ ಜಾಗಕ್ಕೆ ಕೂರಿಸುತ್ತಾರೆ. ಸೋತದ್ದು ಹೋಗಿ ಮೂಲೆ ಸೇರುತ್ತದೆ. ಪೆನ್ನಿನ ಸ್ಪ್ರಿಂಗು ಕತ್ತರಿಸಿ ಹಾಕಿಯೂ ನೋಡಿದ್ದರಂತೆ, ಕುದುರಲಿಲ್ಲ.

ಟೀ ಹಿಡಿದು ಬಂದ ಪತಿ ದೊಡ್ಡಹನುಮಯ್ಯ ಬೋಸಿಯ ಕಡೆ ನೋಡಿ ನಗುತ್ತಾರೆ. ಎಪಿಎಂಸಿಯಲ್ಲಿ ಮೂಟೆ ಹೊತ್ತು ನಿವೃತ್ತರಾದವರು. "ಹೋದ್ ವಾರ ಈ ಬೋಸೀಲೇ ಹುಣ್ಸೆಹಣ್ಣು ನೆನೆಹಾಕವ್ಳೆ ಅಂತ ಕಿವುಚಕ್ಕೆ ಕೈ ಹಾಕ್ಬುಟ್ಟೆ. ಕೈಗೆ ಬರೀ ಎ ಬಿ ಸಿ ಡಿ."

ಚಿಕ್ಕಹನುಮಕ್ಕ ಹುಟ್ಟಿದ್ದು ಶಿರಾ ತಾಲ್ಲೂಕಿನ ತಾವರೆಕೆರೆ ಬಳಿ. ತಂದೆ ಬೋರಯ್ಯ ಚಪ್ಪಲಿ ಹೊಲೆಯುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಲಾಗಲಿಲ್ಲ. ಮದುವೆಯಾಗಿ ಮಧುಗಿರಿಗೆ ಬಂದಾಗ ಹತ್ತೊಂಬತ್ತು ವರ್ಷ. ಮಹಾಲಿಂಗಯ್ಯ ಎಂಬವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು.

ಆ ಕಾಲ ಕಂಡವರಿಗೆ ಗೊತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳೆಲ್ಲ ಬೆಳಗಿನ ಆರಕ್ಕೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಎರಡು ಬಿಳಿ ಹಾಳೆ ಸುರುಳಿ ಸುತ್ತಿ ಹಿಡಿದು ಟೈಪಿಂಗಿಗೆ ಓಡುತ್ತಿದ್ದರು. ಹದಿನಾಲ್ಕು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವ ಸದ್ದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಸಾಲು ಮುಗಿದಾಗ ಒಂದೊಂದು ಗಂಟೆ ಟಿಣ್ಣೆನ್ನುತ್ತಿತ್ತು. ಸರ್ಕಾರಿ ಕೆಲಸ ಎನ್ನುವುದು ಆ ಸದ್ದಿನ ಆಚೆ ಎಲ್ಲೋ ಇದೆ ಎಂದು ಎಲ್ಲರೂ ನಂಬಿದ್ದ ದಿನಗಳವು.

"ನಾನು ಬಾಗ್ಲಲ್ಲಿ ಪೊರಕೆ ಹಿಡ್ಕೊಂಡು ಕಾಯ್ತಿದ್ದೆ. ಒಂದು ಬ್ಯಾಚು ಎದ್ದು ಇನ್ನೊಂದು ಕೂರೋ ಸಂದೀಲಿ ಗುಡಿಸ್ಬೇಕು. ಮಿಶನ್ನಿಗೆ ಬ್ರಷ್ಷು, ಸೀಮೆಎಣ್ಣೆ ಹಾಕಿ ಒರಸೋದೂ ನಂದೇ. ತುಮಕೂರಿಂದ ಮೆಕ್ಯಾನಿಕ್ ಬರೋನು. ಅವ್ನು ಬಿಚ್ಚೋದ್ನ ನೋಡ್ತಾ ನಿಂತ್ಕಂಬುಡೋಳು. ಆರು ವರ್ಷ ನೋಡಿದ್ದೀನಿ ಕಣಮ್ಮ, ಒಂದು ದಿನಾನೂ ಮುಟ್ಟಿರ್ಲಿಲ್ಲ."

ಮುಟ್ಟುವ ದಿನವೂ ಬಂತು. ಟೈಪಿಂಗ್ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹಳೆಯ ಸೂರಿನ ಗಾರೆ ಕಳಚಿ ಮೊದಲ ಸಾಲಿನ ಮೇಲೆ ಬಿತ್ತು. ನಾಲ್ಕು ಯಂತ್ರಗಳ ಹೊಟ್ಟೆ ಸುಣ್ಣದ ಪುಡಿಯಿಂದ ತುಂಬಿತು. ಆಗೆಲ್ಲ ಪರೀಕ್ಷಾ ಕೇಂದ್ರಕ್ಕೆ ಯಂತ್ರಗಳನ್ನು ಇನ್‌ಸ್ಟಿಟ್ಯೂಟಿನವರೇ ಹೊತ್ತು ಒಯ್ಯಬೇಕಿತ್ತು. ಮೆಕ್ಯಾನಿಕ್ ಬೇರೆ ಊರಿಗೆ ಹೋಗಿದ್ದ. ಮಹಾಲಿಂಗಯ್ಯ ತಲೆಯ ಮೇಲೆ ಕೈಹೊತ್ತು ಕೂತರು.

"ಸಾರ್, ನಾನೊಂದ್ ಸಲ ನೋಡ್ಲಾ ಅಂದೆ. ನೀನಾ? ಏನ್ ನೋಡ್ತೀಯ? ಅಂದ್ರು. ಮೊದ್ಲು ಈ ಸ್ಕ್ರೂ, ಆಮೇಲೆ ಈ ತಟ್ಟೆ, ಆಮೇಲೆ ಇದು ಅಂತ ಬೆರಳು ತೋರುಸ್ತಾ ಹೋದೆ. ಸಾರ್ ಎದ್ದು ಬಂದ್ರು. ಸ್ಕ್ರೂಡ್ರೈವರ್ ಕೈಗೆ ಕೊಟ್ರು."

ಮಹಾಲಿಂಗಯ್ಯ ಕುರ್ಚಿ ಎಳೆದುಕೊಟ್ಟರಂತೆ. ಚಿಕ್ಕಹನುಮಕ್ಕ ನೆಲದ ಮೇಲೆ ಪೇಪರು ಹಾಸಿಕೊಂಡೇ ಕೂತರು. ಮೂರು ಯಂತ್ರ ಸರಿಯಾದವು. ನಾಲ್ಕನೆಯದರಲ್ಲಿ, ಹಾಳೆ ಹಿಡಿದ ಉರುಳೆಯನ್ನು ಎಳೆಯುವ ದಾರವೇ ತುಂಡಾಗಿತ್ತು. ಅವರು ಮನೆಗೆ ಓಡಿ, ಅಪ್ಪ ಕೊಟ್ಟಿದ್ದ ಚಪ್ಪಲಿ ಹೊಲೆಯುವ ಮೇಣದ ದಾರ ತಂದು ಕಟ್ಟಿದರು. ಮಹಾಲಿಂಗಯ್ಯ ದಾರವನ್ನು ನೋಡಿದರು, ಅವರನ್ನು ನೋಡಿದರು. ಆಮೇಲೆ ತಾವೇ ಬಗ್ಗಿ ಉರುಳೆ ಸರಿಸಿ, "ಓಡ್ತೈತೆ" ಎಂದರು. ಸೂರ್ಯ ಮುಳುಗುವ ಹೊತ್ತಿಗೆ ಹದಿನಾಲ್ಕೂ ಸಿದ್ಧವಾಗಿದ್ದವು.

ಮಾರನೆಯ ದಿನ ಆ ನಾಲ್ಕನೆಯ ಯಂತ್ರದ ಮುಂದೆ ಕೂತು ಪಾಸಾದ ಹುಡುಗಿ ಗಂಗಾಂಬಿಕಾ. ಇಂದು ಮಧುಗಿರಿಯಲ್ಲಿ ಅವರದೇ ಡಿಟಿಪಿ ಅಂಗಡಿ ಇದೆ. "ಆ ದಾರ ಕಿತ್ತುಹೋಗಿದ್ರೆ ನನ್ನ ಮದುವೆ ಆ ವರ್ಷಾನೇ ಮಾಡಿಬಿಡೋರು. ಪಾಸಾದ್ರೆ ಕೆಲಸ, ಫೇಲಾದ್ರೆ ಗಂಡು ಅಂತ ಮನೇಲಿ ಹೇಳಿಬಿಟ್ಟಿದ್ರು" ಎನ್ನುತ್ತಾರೆ ಅವರು.

ಕಂಪ್ಯೂಟರ್ ಬಂತು. ಬೆಳಗಿನ ಬ್ಯಾಚುಗಳು ತೆಳುವಾದವು. ಒಂದು ದಿನ ಇನ್‌ಸ್ಟಿಟ್ಯೂಟು ಮುಚ್ಚಿತು. ಹದಿನಾಲ್ಕು ಯಂತ್ರಗಳು ಗುಜರಿಯವನ ತಕ್ಕಡಿ ಏರಿದ್ದನ್ನು ಚಿಕ್ಕಹನುಮಕ್ಕ ಕಣ್ಣಾರೆ ಕಂಡರು. "ನಾನು ಒರೆಸಿದ್ ಮಿಶನ್ನು. ಒಂದೊಂದ್ರ ಕೆಮ್ಮೂ ಗೊತ್ತಿತ್ತು ನಂಗೆ. ಆವತ್ತು ಉಣ್ಣಾಕೆ ಆಗ್ಲಿಲ್ಲ." ಮುಂದಿನ ಎರಡು ವರ್ಷ ಕಡಲೆಕಾಯಿ ಬಿಡಿಸುವ ಕೂಲಿ.

ಆಗ ಗಂಗಾಂಬಿಕಾ ತಮ್ಮ ಅಂಗಡಿಯ ಕೀಬೋರ್ಡು ಹಿಡಿದು ಮನೆ ಹುಡುಕಿಕೊಂಡು ಬಂದರು. ಒಂದು ಒತ್ತಿದರೆ ಎರಡು ಬೀಳುತ್ತಿತ್ತು. ಚಿಕ್ಕಹನುಮಕ್ಕ ಮೂರು ದಿನ ಇಟ್ಟುಕೊಂಡು ಬಿಚ್ಚಿ ತೊಳೆದು ಸರಿಮಾಡಿದರು. ಆದರೆ ಕ್ಯಾಪುಗಳನ್ನು ಸಾಲಾಗಿ ಒಣಗಲು ಇಟ್ಟಿದ್ದ ಬಟ್ಟೆ ಗಾಳಿಗೆ ಮಗುಚಿತು. ಓದು ಬಾರದವರು ಆಕಾರದ ನೆನಪಿನ ಮೇಲೆ ಎಲ್ಲವನ್ನೂ ಮರಳಿ ಕೂರಿಸಿದರು. ಕನ್ನಡದಲ್ಲಿ ನ ಬೀಳುವ ಎನ್ ಮತ್ತು ಮ ಬೀಳುವ ಎಮ್ ಮಾತ್ರ ಅದಲುಬದಲಾದವು. "ಎರಡಕ್ಕೂ ಕಾಲು ಕಂಡ್ವು. ಯಾವ್ದಾದ್ರೆ ಏನು ಅಂದ್ಕಂಡೆ."

ಗಂಗಾಂಬಿಕಾ ಕೀ ನೋಡದೆ ಟೈಪ್ ಮಾಡುವವರಾದ್ದರಿಂದ ತೊಂದರೆ ತಿಳಿಯಲಿಲ್ಲ. ಅವರು ಎರಡು ದಿನ ಊರಿಗೆ ಹೋದಾಗ ಕೂತ ಆಪರೇಟರ್ ನೋಡಿಕೊಂಡು ಒತ್ತುವವನು. ಹಳೆಯ ಮದುವೆ ಕಾರ್ಡಿನ ಫೈಲಿನಲ್ಲಿ ಹೆಸರು ಬದಲಿಸಿದ. ಹುಡುಗಿಯ ಹೆಸರಿನಲ್ಲಿ ಆ ಎರಡು ಅಕ್ಷರಗಳಿರಲಿಲ್ಲ. ಮದುಮಗ ನರಸಿಂಹರಾಜು ಮಾತ್ರ ಐನೂರು ಕಾರ್ಡಿನಲ್ಲಿ 'ಮರಸಿಂಹರಾಜು' ಆದರು.

ಮದುವೆಗೆ ಎಂಟು ದಿನ ಉಳಿದಿತ್ತು. ಮತ್ತೆ ಅಚ್ಚು ಹಾಕಿಸಿ ಹಂಚಲು ಸಮಯವಿರಲಿಲ್ಲ. ನರಸಿಂಹರಾಜು ಮನೆಯವರೆಲ್ಲ ಅಂಗಡಿಯಲ್ಲೇ ಕೂತು 'ಮ' ಹೊಡೆದು ಪೆನ್ನಿನಲ್ಲಿ 'ನ' ಎಂದು ತಿದ್ದಲು ಶುರುಮಾಡಿದರು. ಸುದ್ದಿ ಕೇಳಿ ಚಿಕ್ಕಹನುಮಕ್ಕ ಓಡಿ ಬಂದರು. ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳಿದರು.

"ಯಾರೂ ಬಯ್ಲಿಲ್ಲ ಕಣಮ್ಮ. ಮದುಮಗನೇ ಬಂದು, ನೀವೂ ಒಂದು ಪೆನ್ ತಗಳಿ ಅಕ್ಕ, ಬೇಗ ಮುಗೀತದೆ ಅಂದ್ರು. ಅವ್ರಿಗೇನ್ ಗೊತ್ತು. ಎಲ್ರೂ ಬರೀತಾವ್ರೆ, ನಾನೊಬ್ಳು ಪೆನ್ ಹಿಡ್ಕೊಂಡು ಸುಮ್ನೆ ಕುಂತಿದ್ದೆ. ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು."

ಗಂಗಾಂಬಿಕಾ ಅರ್ಥ ಮಾಡಿಕೊಂಡರು. ಪಕ್ಕಕ್ಕೆ ಬಂದು ಕೈಹಿಡಿದು ಪೇಪರಿನ ಅಂಚಿನಲ್ಲಿ ಒಂದು 'ನ' ಬರೆಸಿದರು. ಇನ್ನೊಂದು. ಮತ್ತೊಂದು. ಅಂಚು ತುಂಬಿದ ಮೇಲೆ ಒಂದು ಕಾರ್ಡು ಮುಂದಿಟ್ಟರು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಚಿಕ್ಕಹನುಮಕ್ಕ ತಮ್ಮಷ್ಟಕ್ಕೆ ತಾವೇ ಬರೆದ ಮೊದಲ ಅಕ್ಷರ ಪರರ ಮದುವೆ ಕಾರ್ಡಿನ ಮೇಲಿತ್ತು. ಸಂಜೆಯೊಳಗೆ ನಲವತ್ತೆರಡು ಕಾರ್ಡು ತಿದ್ದಿದರು.

ನರಸಿಂಹರಾಜು ಈಗ ಕೊರಟಗೆರೆ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರು. ಫೋನು ಮಾಡಿದಾಗ ಜೋರಾಗಿ ನಕ್ಕರು. "ಒಂದು ಕಾರ್ಡು ಇಟ್ಕೊಂಡಿದ್ದೀನಿ ಮೇಡಂ. ಅದ್ರ ನ ಸ್ವಲ್ಪ ಸೊಟ್ಟಗಿದೆ. ಅಕ್ಕ ಬರೆಯೋಕೆ ಕಲಿತಿದ್ದೇ ಆವತ್ತು ಅಂತ ನಂಗೆ ಗೊತ್ತಾಗ್ಲಿಲ್ಲ. ಆಮೇಲೆ ಗಂಗಾಂಬಿಕಾ ಮೇಡಂ ಹೇಳಿದ್ರು. ಒಂದನೇ ಕ್ಲಾಸಿನ ಮಕ್ಕಳಿಗೆ ನ ಬರೆಸುವಾಗೆಲ್ಲ ಆ ಕೈ ಜ್ಞಾಪಕಕ್ಕೆ ಬರುತ್ತೆ."

ಅಲ್ಲಿಂದಾಚೆ ದಿನಕ್ಕೊಂದು ಅಕ್ಷರ. ಇಂಗ್ಲಿಷ್ ಅಕ್ಷರಗಳನ್ನು ಚಿಕ್ಕಹನುಮಕ್ಕ ಇಂದಿಗೂ ಕೀಬೋರ್ಡಿನ ಸಾಲಿನಲ್ಲೇ ಒಪ್ಪಿಸುತ್ತಾರೆ. ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ. ಎ ಆದ ಮೇಲೆ ಬಿ ಬರುತ್ತದೆಂದರೆ ಒಪ್ಪುವುದಿಲ್ಲ. "ಎ ಆದ್ಮೇಲೆ ಎಸ್ಸು. ಬಿಚ್ಚಿ ನೋಡಿ ಬೇಕಾದ್ರೆ."

ಎಂಟೂವರೆಯ ಬಸ್ಸಿನಲ್ಲಿ ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಕೀಬೋರ್ಡು ಅವರ ಮಡಿಲಲ್ಲಿತ್ತು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು. ಪಾವಗಡದಲ್ಲಿ ಶಂಕರಲಿಂಗಪ್ಪ ಹೆಜ್ಜೆ ಸದ್ದಿಗೇ ಎದ್ದು ನಿಂತು, ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಕರೆದರು. "ರಾಮ್ಮಾ ರಾ, ಎರಡು ದಿನ ಆಯ್ತು ನನ್ನ ಕೈ ಊಟ ಮಾಡಿ!"

ತಂತಿ ಚುಚ್ಚಿ, ಬೆರಳಿಟ್ಟು, ಕಣ್ಣು ಮುಚ್ಚಿದರು. ಮೊದಲು ನಿಧಾನಕ್ಕೆ, ಆಮೇಲೆ ಮಳೆ ಹಿಡಿದಂತೆ ಸದ್ದು ಬಂತು. ಅರ್ಜಿ ಹಿಡಿದು ಕಾಯುತ್ತಿದ್ದ ಇಬ್ಬರು ರೈತರು ಎದ್ದು ಹತ್ತಿರ ಬಂದರು. ಒಂದು ಪುಟ ತುಂಬಿದ ಮೇಲೆ ಶಂಕರಲಿಂಗಪ್ಪ ಕೈ ಎತ್ತಿ, "ಚಾಲಾ ಬಾಗುಂದಿ. ಒತ್ತು ಎಲ್ಲಾ ಬಿದ್ದಾವೆ. ಇನ್ನು ನಾಲ್ಕು ವರ್ಷ ಬದುಕ್ತೀನಿ ನಾನು" ಎಂದರು. ಚಿಕ್ಕಹನುಮಕ್ಕ ಪರದೆಯ ಹತ್ತಿರ ಬಗ್ಗಿ ಪುಟವನ್ನೆಲ್ಲ ಅಕ್ಷರ ಅಕ್ಷರವಾಗಿ ಓದಿದರು. ಓದಿ ಮುಗಿಸಿದ ಮೇಲೆಯೇ ಟೀ ಕುಡಿದದ್ದು.

ಮರಳುವ ಬಸ್ಸಿಗೆ ಕಾಯುತ್ತ ಕೇಳಿದೆ, ಇನ್ನೇನು ಆಸೆ ಉಳಿದಿದೆ ಎಂದು. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಭಾನುವಾರ ಗಂಗಾಂಬಿಕಾ ಅಂಗಡಿಯಲ್ಲಿ ಟೈಪಿಂಗ್ ಕಲಿಯುತ್ತಿದ್ದಾರಂತೆ. ಇದನ್ನು ಗಂಡನಿಗೂ ಹೇಳಿಲ್ಲ.

"ಒಂದು ನಿಮಿಷಕ್ಕೆ ಹನ್ನೊಂದು ಪದ ಬತ್ತವೆ ಈಗ. ಇಪ್ಪತ್ತಾದ್ರೆ ಸಾಕು."

ಇಪ್ಪತ್ತಾದರೆ ಏನು ಟೈಪ್ ಮಾಡುತ್ತೀರಿ?

"ಏನಾದ್ರೂ ಆಗ್ಲಿ. ಪರೀಕ್ಷೆಗಲ್ಲ. ಯಾರಾದ್ರೂ ಎದುರಿಗೆ ಕುಂತು ಹೇಳ್ತಾ ಹೋಗ್ಬೇಕು, ನಾನು ಹೊಡೀತಾ ಹೋಗ್ಬೇಕು. ಹೇಳಿ ಹೇಳಿ ಅವ್ರಿಗೇ ಸುಸ್ತಾಗಿ, ತಡಿಯಮ್ಮ ಒಂಚೂರು ಅಂತ ಅವ್ರೇ ಅನ್ಬೇಕು. ನಾನನ್ನಬಾರ್ದು."