ಕ್ಯಾಮೆರಾ ಪಕ್ಕದ ಖುರ್ಚಿ

ಬೆಳಗಿನ ಜಾವ. ದೂರಶಿಕ್ಷಣ ವಿಶ್ವವಿದ್ಯಾಲಯದ ಸ್ಟುಡಿಯೋ. ಅಲ್ಲಿನ ಕೆಲಸದ ಆಯಾ ಕಸ ಗುಡಿಸಿ, ಪರದೆಯ ಧೂಳು ಕೊಡವಿ, ಕ್ಯಾಮೆರಾದ ಪಕ್ಕ ಪ್ಲಾಸ್ಟಿಕ್ ಖುರ್ಚಿ ಎಳೆದುಕೊಂಡು ಕೂರುತ್ತಾರೆ. ಎದುರಿಗೆ ಅರ್ಥಶಾಸ್ತ್ರದ ಮೇಷ್ಟ್ರು ಕಾಲರ್ ಸರಿಮಾಡಿಕೊಳ್ಳುತ್ತಿದ್ದಾರೆ. ಬೀದಿಯಲ್ಲಿ ಗಾಡಿಗಳ ಗದ್ದಲ ಶುರುವಾಗುವ ಮೊದಲೇ ಒಂದು ಪಾಠ ಮುಗಿಯಬೇಕು.

ಗುಡಿಸುವುದಕ್ಕೆ ಸಂಬಳವಿದೆ, ಕೂರುವ ಕೆಲಸ ತಾನಾಗಿ ಗಂಟುಬಿದ್ದದ್ದು. ಜೀವಮಾನವಿಡೀ ತುಂಬಿದ ತರಗತಿಗೆ ಪಾಠ ಹೇಳಿದ ಈ ಮೇಷ್ಟ್ರಿಗೆ ಮೊದಲ ದಿನ ಕ್ಯಾಮೆರಾ ಕಂಡೊಡನೆ ಬಾಯಿ ಕಟ್ಟಿತು. "ಯಾರಾದ್ರೂ ಒಬ್ರು ಕೂತ್ಕೊಳ್ರಪ್ಪಾ, ಗೋಡೆಗೆ ಹೇಗೆ ಪಾಠ ಹೇಳ್ಲಿ?" ಎಂದು ಗೋಗರೆದರು. ಪೊರಕೆ ಹಿಡಿದು ನಿಂತಿದ್ದ ಆಯಾ ಕೂತರು, ಮಾತು ಹರಿಯಿತು. ಈಗ ದಿನಕ್ಕೆ ನಾಲ್ಕು ಪಾಠ. ಯಾವ ಮೇಷ್ಟ್ರು ಬಂದರೂ ಮೊದಲ ಮಾತು, "ಅಕ್ಕ ಎಲ್ಲಿ?" ಅಕ್ಕನ ಹುಬ್ಬು ಗಂಟಿಕ್ಕಿದರೆ ಇನ್ನೊಮ್ಮೆ ಬಿಡಿಸಿ ಹೇಳುತ್ತಾರೆ, ತಲೆಯಾಡಿಸಿದರೆ ಮುಂದೆ ಹೋಗುತ್ತಾರೆ.

ಆ ತಲೆಯೇ ಒಮ್ಮೆ ಎಡವಟ್ಟು ಮಾಡಿತು. ಬೆಲೆ ಏರಿಳಿತದ ಪಾಠ. ದೀಪಗಳ ಬಿಸಿಗೆ ಮೇಷ್ಟ್ರು ಬೆವರಿ ತೊಪ್ಪೆಯಾಗಿದ್ದರು. "ಒಂದಕ್ಷರ ತಲೆಗೆ ಹತ್ತಿರ್ಲಿಲ್ಲ. ಪಾಪ, ಎಷ್ಟು ಸಲ ಹೇಳಿಸೋದು ಅಂತ ಸುಮ್ನೆ ತಲೆಯಾಡಿಸಿಬಿಟ್ಟೆ" ಎನ್ನುತ್ತಾರೆ ಅಕ್ಕ.

ಪಾಠ ಸಾವಿರಾರು ಮೊಬೈಲುಗಳಿಗೆ ಹೋಯಿತು. ಅವುಗಳಲ್ಲೊಂದು ಅಕ್ಕನ ಮನೆಯದೇ. ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಲೇ ಪದವಿಗೆ ಓದುವ ಸೊಸೆ ಊಟಕ್ಕೆ ಕೂತಲ್ಲೇ ಅಳುಮೋರೆ ಹಾಕಿದಳು. "ಅತ್ತೆ, ಇದೊಂದು ಪಾಠ ಹತ್ತು ಸಲ ನೋಡ್ದೆ, ಏನೂ ತಿಳೀತಿಲ್ಲ. ಮುಂದಿನ ವಾರಾನೇ ಪರೀಕ್ಷೆ. ಈ ಸಲಾನೂ ಫೇಲಾದ್ರೆ ಓದೋದೇ ಬಿಟ್ಬಿಡ್ತೀನಿ." ಅತ್ತೆ ಮೊಬೈಲಿಗೆ ಇಣುಕಿದರು: ಅದೇ ಬೆಲೆ ಏರಿಳಿತದ ಪಾಠ.

ಮರುದಿನವೇ ಮೇಷ್ಟ್ರ ಮುಂದೆ ತಪ್ಪೊಪ್ಪಿಕೊಂಡರು. ಖುರ್ಚಿ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಯೇ ಬಂದಿದ್ದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಂಗೂ ಅನುಮಾನ ಇತ್ತು ಅಕ್ಕಾ. ಅವತ್ತು ಹೇಳಿದ್ದು ನಂಗೇ ಅರ್ಥ ಆಗಿರ್ಲಿಲ್ಲ!"

ಅಂದೇ ಪಾಠ ಹೊಸದಾಗಿ ಚಿತ್ರೀಕರಣವಾಯಿತು. ಅಕ್ಕ ಸಂಕೋಚ ಬಿಟ್ಟು ಮತ್ತೆ ಮತ್ತೆ ಕೈ ಎತ್ತಿದರು. ಕೊನೆಗೆ ಮೇಷ್ಟ್ರು, "ಉಪ್ಪಿನ ಬೆಲೆ ಏರಿದ್ರೂ ಕೊಂಡೇ ಕೊಳ್ತೀವಿ. ಚಪ್ಪಲಿ ಬೆಲೆ ಏರಿದ್ರೆ ಹಳೇದನ್ನೇ ಹೊಲಿಸ್ಕೋತೀವಿ, ಅಲ್ವಾ?" ಎಂದಾಗ ಅಕ್ಕನ ತಲೆ ತಾನಾಗಿ ಆಡಿತು.

ಸೊಸೆ ಪಾಸಾಗಿದ್ದಾಳೆ. ಅವಳು ನಾಚಿಕೊಂಡರೂ ಅತ್ತೆ ಬೀದಿಗೆಲ್ಲ ಸಾರಿ ಬಂದಿದ್ದಾರೆ. ನಿಮ್ಮ ಕೆಲಸವೇನು ಎಂದು ಕೇಳಿದರೆ ಈಗ ಪೊರಕೆಯ ಮಾತೇ ಎತ್ತುವುದಿಲ್ಲ.

"ಮನೇಲಿ ಕೂತು ಪಾಠ ನೋಡೋ ಮಕ್ಳು ಕೈ ಎತ್ತಿದ್ರೆ ಮೇಷ್ಟ್ರಿಗೆ ಕಾಣಲ್ಲ ನೋಡಿ. ಅವ್ರೆಲ್ಲರ ಪರವಾಗಿ ಕೈ ಎತ್ತೋದು ನಾನು."