ಟೆನಿಸ್ ಅಂಕಣದಲ್ಲಿ ಸಂಡಿಗೆ

ಎಪ್ಪತ್ತರ ದಶಕದಲ್ಲಿ ಪತ್ರಿಕೆಯೊಂದಕ್ಕೆ ಅಂತರಕಾಲೇಜು ಟೆನಿಸ್ ಬಗ್ಗೆ ಬರೀತಿದ್ದೆ. ಆ ಬೇಸಿಗೆ ಯಾರು ಗೆಲ್ಲಬಹುದು ಅಂತ ಅಂದಾಜು ಮಾಡೋಕೆ ವಿಜಯನಗರದ ಹುಡುಗಿಯರ ಕಾಲೇಜೊಂದಕ್ಕೆ ಹೋದೆ. ದೇಶ ವಿದೇಶಗಳಲ್ಲಿ ಹುಲ್ಲಿನ ಅಂಕಣ, ಸಿಮೆಂಟಿನ ಅಂಕಣ ಎಲ್ಲ ನೋಡಿದ್ದೆ. ಹಳೇ ಪಂಚೆ ಹಾಸಿ, ನೆಟ್ಟಿನ ಎರಡೂ ಕಡೆ ಅರಳು ಸಂಡಿಗೆ ಒಣಹಾಕಿದ್ದ ಅಂಕಣ ನೋಡಿದ್ದು ಅಲ್ಲೇ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಕೊಡೆ ಹಿಡಿದು ಕೂತಿದ್ದರು. ಟೆನಿಸ್ ಹೇಳಿಕೊಡುವವರು ಇರಬೇಕು ಅಂದುಕೊಂಡು, "ಈ ಸೀಸನ್ನು ಹೇಗಿದೆ ಅಮ್ಮಾ?" ಅಂದೆ.

"ಪರವಾಗಿಲ್ಲ ಕಣಮ್ಮ. ಬಿಸಿಲು ಹೀಗೇ ಇದ್ರೆ ಅಕ್ಕಿ ಸಂಡಿಗೇನೂ ಆಗೋಗುತ್ತೆ," ಅಂದರು. ಅವರು ಕಾಲೇಜಿನ ಎದುರುಮನೆಯ ಗೌರಮ್ಮ ಅಂತೆ; ಕಾಗೆ ಓಡಿಸೋಕೆ ಕೂತಿದ್ದರು.

ಟೀಮಿನ ಕ್ಯಾಪ್ಟನ್ ವಸಂತಾ ರಾಕೆಟ್ ಹಿಡಿದು ಅಳುಮುಖ ಮಾಡಿ ನಿಂತಿದ್ದಳು. "ಗೌರಮ್ಮನೋರೇ, ನಾವು ಪ್ರಾಕ್ಟೀಸ್ ಎಲ್ಲಿ ಮಾಡೋದು? ಈ ಸಲಾನೂ ಸೋತ್ರೆ ಪ್ರಿನ್ಸಿಪಾಲರು ಇಲ್ಲಿ ಸೈಕಲ್ ಸ್ಟ್ಯಾಂಡ್ ಕಟ್ಟಿಸ್ತಾರಂತೆ!"

"ಸೈಕಲ್ ಸ್ಟ್ಯಾಂಡಾ? ಈ ಜಾಗದಲ್ಲಾ?" ಗೌರಮ್ಮ ಕೊಡೆ ಮಡಚಿ ಎದ್ದೇಬಿಟ್ಟರು. "ಸುಮ್ನೆ ಏನೇ ನಿಂತಿದೀಯಾ, ಹಿಡಿಯೇ ಆ ತುದಿ!"

ಪಂಚೆಗಳೆಲ್ಲ ಬೇಲಿ ಪಕ್ಕಕ್ಕೆ ಹೋದವು. ವಸಂತಾಳ ಚೆಂಡು ನೆಟ್ಟಿಗೆ ಬಿದ್ದಾಗಲೆಲ್ಲ ಗೌರಮ್ಮ ನೆಲಕ್ಕೆ ಕೊಡೆ ಕುಟ್ಟುತ್ತಿದ್ದರು. "ರೊಟ್ಟಿ ತಟ್ಟಿದಂಗೆ ತಟ್ತೀಯಲ್ಲೇ, ಬೀಸಿ ಹೊಡಿಯೇ!"

ಹೊರಡುವಾಗ ಅವರನ್ನೇ ಕೇಳಿದೆ. "ಇವರೇ ಗೆಲ್ತಾರೆ ಅಂತ ಬರೀಲಾ?"

"ಧೈರ್ಯವಾಗಿ ಬರಿಯಮ್ಮ. ಮುಂದಿನ ವರ್ಷ ಹಪ್ಪಳ ಬೇರೆ ಹಾಕ್ಬೇಕು."

ಯಾವ ದೇಶದ ಕೋಚೂ ಇಷ್ಟು ಖಚಿತವಾಗಿ ಮಾತಾಡಿದ್ದು ನಾನು ಕೇಳಿಲ್ಲ. ಹಾಗೇ ಬರೆದೆ. 'ಬಲ್ಲ ಮೂಲಗಳ ಪ್ರಕಾರ' ಅಂತ ಸೇರಿಸಿದೆ, ಅಷ್ಟೇ.