ಹಸಿರು ನೋಡಲು ಹೋದ ಆಪರೇಟರ್

ಹಳೆಯ ಕನ್ನಡಕಕ್ಕಾಗಿ ಮೇಜಿನ ಖಾನೆಯಲ್ಲಿ ಕೈಯಾಡಿಸುತ್ತಿದ್ದಾಗ ಸಿಕ್ಕಿದ್ದು ಬೆರಳುದ್ದದ ಒಂದು ಕಪ್ಪು ಕಡ್ಡಿ. ಮೈಮೇಲಿನ ತಾಮ್ರದ ಲೇಪ ಅರ್ಧ ಎದ್ದುಹೋಗಿದೆ, ತುದಿ ಸುಟ್ಟು ಕುಳಿಬಿದ್ದಿದೆ. ಮೂಸಿ ನೋಡಿದೆ. ಅದಕ್ಕೀಗ ಯಾವ ವಾಸನೆಯೂ ಇಲ್ಲ. ಆದರೂ ಟೆಂಟ್ ಟಾಕೀಸಿನ ಬೀಡಿ, ಹುರಿಗಡಲೆ, ಕಾದ ತಗಡು ಎಲ್ಲ ಒಟ್ಟಿಗೆ ಮೂಗಿಗೆ ಬಂದವು.

ಹಿಂದಿನ ದಿನವಷ್ಟೇ ಕಣ್ಣಿನ ಡಾಕ್ಟರು ನನಗೆ ಬುದ್ಧಿ ಹೇಳಿ ಕಳಿಸಿದ್ದರು. "ಫೋನ್ ಬದಿಗಿಡಿ ಮೇಡಂ. ದಿನಾ ಸ್ವಲ್ಪ ಹೊತ್ತು ಎಲ್ಲಾದ್ರೂ ಕೂತು ದೂರದ ಹಸಿರು ನೋಡಿ." ನಾನು ನಕ್ಕುಬಿಟ್ಟೆ. ಪಾಪ, ಅವರ ಮುಖ ಸಪ್ಪಗಾಯಿತು. ಇದೇ ಮಾತನ್ನು ನಲವತ್ತು ವರ್ಷಗಳ ಹಿಂದೆ ಬೇರೊಬ್ಬ ಡಾಕ್ಟರು ಇನ್ನೊಬ್ಬರಿಗೆ ಹೇಳಿದ್ದು, ಆಮೇಲೆ ಆದದ್ದು ಎಲ್ಲ ನನಗೆ ಗೊತ್ತು ಎಂದು ಅವರಿಗೆ ಹೇಗೆ ವಿವರಿಸಲಿ...

ಎಂಬತ್ತರ ದಶಕದ ಮೊದಲ ವರ್ಷಗಳು. ಹೊಸನಗರದ ಪ್ರೈಮರಿ ಶಾಲೆಗೆ ನಾನು ಹೊಸದಾಗಿ ಟೀಚರಾಗಿ ಬಂದಿದ್ದೆ. ನಾನು ಬಾಡಿಗೆಗಿದ್ದ ಮನೆಯ ಇನ್ನರ್ಧದಲ್ಲಿ ಟೆಂಟ್ ಟಾಕೀಸಿನ ಆಪರೇಟರ್ ಮತ್ತು ಅವರ ಹೆಂಡತಿ ಇದ್ದರು. ಊರಿಗೆಲ್ಲ ಅವರು ಆಪರೇಟ್ರು. ಹೆಂಡತಿಯೂ ಹಾಗೇ ಕರೆಯುತ್ತಿದ್ದರು, ಅದೂ ಸ್ವಲ್ಪ ಜಂಬದಿಂದಲೇ. ಊರಿನಲ್ಲಿ ಡಾಕ್ಟರು, ಅಮಲ್ದಾರರು ಬಿಟ್ಟರೆ ಮೂರನೆಯ ದೊಡ್ಡ ಮನುಷ್ಯ ತನ್ನ ಗಂಡನೇ ಎಂಬುದರಲ್ಲಿ ಆಕೆಗೆ ಅನುಮಾನವಿರಲಿಲ್ಲ.

ಆ ಕಾಲದ ಸಿನಿಮಾ ಮಿಷನ್ನಿಗೆ ಬಲ್ಬು ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಗಳನ್ನು ಎದುರುಬದುರು ಹಿಡಿದರೆ ನಡುವೆ ಕಣ್ಣು ಕುಕ್ಕುವ ಬೆಳಕು ಹೊತ್ತಿಕೊಳ್ಳುತ್ತಿತ್ತು. ಕಡ್ಡಿ ಸವೆದಂತೆ ತಿರುಪು ತಿರುಗಿಸುತ್ತ ಅವನ್ನು ಹತ್ತಿರ ತರುತ್ತಲೇ ಇರಬೇಕು. ಸರಿಯಾಗಿ ಉರಿಯುತ್ತಿದೆಯೋ ಎಂದು ನೋಡಲು ಒಂದು ಕಿಂಡಿ. ಕಿಂಡಿಗೆ ಕಪ್ಪು ಗಾಜು ಇರಬೇಕಿತ್ತು. ಅದು ಎಂದೋ ಒಡೆದಿತ್ತು. ಮಾಲೀಕರು ಹಾಕಿಸಲಿಲ್ಲ, ಇವರು ಕೇಳಲಿಲ್ಲ.

ಕಣ್ಣು ಕೆಂಪಗಾಗಿ ನೀರು ಸುರಿಯತೊಡಗಿದಾಗ ಹೆಂಡತಿ ದಿನಾ ನಂದಿಬಟ್ಟಲು ಹೂ ತಂದು ರೆಪ್ಪೆಯ ಮೇಲಿಟ್ಟರು. ಗುಣ ಕಾಣಲಿಲ್ಲ. ಬೇಸಿಗೆಯಲ್ಲಿ ಸಾಗರದ ಆಸ್ಪತ್ರೆಗೆ ಹೊರಟರು. ಮಾತಾಡಲು ಒಬ್ಬರಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಕಣ್ಣಿನ ಹಿಂಭಾಗ ಸುಟ್ಟಿದೆ, ಸುಟ್ಟದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನಾದರೂ ಉಳಿಸಿಕೊಳ್ಳಿ ಎಂದರು ಡಾಕ್ಟರು. ಆ ಬೆಳಕಿನ ಹತ್ತಿರ ಹೋಗಬೇಡಿ, ದೂರದ ಹಸಿರು ನೋಡುತ್ತ ಕಣ್ಣಿಗೆ ವಿಶ್ರಾಂತಿ ಕೊಡಿ.

ನಮ್ಮ ಆಪರೇಟರ್ ಮಾಡಿದ್ದೇನು ಗೊತ್ತೇ? ಗಣಪತಿ ಮಂಟಪದ ದೀಪಕ್ಕೆ ಸುತ್ತುವ ಹಸಿರು ಜಿಲೇಟಿನ್ ಕಾಗದ ತಂದು ಆ ಕಿಂಡಿಗೆ ಅಂಟಿಸಿಬಿಟ್ಟರು! "ಈಗ ಕೆಲಸಾನೂ ಆತು, ಹಸಿರು ನೋಡಿದ ಹಾಂಗೂ ಆತು" ಎಂದು ನನ್ನೆದುರು ಹಿಗ್ಗಿ ಹೇಳಿದರು. ಅವರಿಗೆ ಬೆಳಕೆಂದರೆ ಮಿಷನ್ನಿನದು, ಬಣ್ಣವೆಂದರೆ ಕಾಗದದ್ದು. ಎರಡನೆಯ ಆಟದ ಹೊತ್ತಿಗೆ ಕಾಗದ ಬಿಸಿಗೆ ಮುರುಟಿ ಉದುರಿತು. ನನಗೆ ನಗು ತಡೆಯಲಾಗಲಿಲ್ಲ. ಅವರ ಹೆಂಡತಿ ಮಾತ್ರ ನಗಲಿಲ್ಲ.

ಮಳೆಗಾಲಕ್ಕೆ ಟೆಂಟು ಬಿಚ್ಚಿದ ಮರುದಿನವೇ ಆಕೆ ಗಂಡನನ್ನು ಊರಾಚೆಯ ಬ್ಯಾಣಕ್ಕೆ ಹೊರಡಿಸಿದರು. ಬ್ಯಾಣವೆಂದರೆ ಗುಡ್ಡದ ಮೇಲಿನ ಹುಲ್ಲುಗಾವಲು. ಅಲ್ಲಿ ಕೂತರೆ ಎದುರಿಗೆ ಕಾನಿನ ದಟ್ಟ ಕಾಡು, ಅದರಾಚೆ ಗುಡ್ಡದ ಸಾಲು, ಆ ಸಾಲಿನ ನೆತ್ತಿಯ ಮೇಲೆ ಒಂಟಿ ಹೊನ್ನೆಮರ. ಆ ಮರ ಕಾಣುತ್ತದೋ ಇಲ್ಲವೋ ಎಂಬುದೇ ದಿನಾ ಕಣ್ಣಿನ ಪರೀಕ್ಷೆ. ಭಾನುವಾರ ನಾನೂ ಹೋಗುತ್ತಿದ್ದೆ. ಮಳೆಯಲ್ಲಿ ಕೊಡೆ ಹಿಡಿದು, ಮಂಜು ಸರಿಯುವುದನ್ನು ಕಾಯುತ್ತ ಮೂವರೂ ಕೂತಿರುತ್ತಿದ್ದೆವು.

ಸುಮ್ಮನೆ ಕೂರುವುದು ಅವರಿಗೆ ಬರುತ್ತಿರಲಿಲ್ಲ. ಟೆಂಟಿನಲ್ಲಿ ಇದ್ದದ್ದು ಒಂದೇ ಮಿಷನ್. ಒಂದು ರೀಲು ಮುಗಿದ ಕೂಡಲೇ ಇನ್ನೊಂದು ಏರಿಸಬೇಕು, ತಡವಾದರೆ ಶಿಳ್ಳೆ, ಬೈಗುಳ. ಇಲ್ಲಿಯೂ ಒಂದು ರೀಲಿನಷ್ಟು ಹೊತ್ತಾಗುತ್ತಲೇ ದಡಕ್ಕನೆ ಎದ್ದು ನಿಲ್ಲುತ್ತಿದ್ದರು.

"ಎಲ್ಲಿಗೆ ಹೊರಟ್ರಿ? ಇಲ್ಲಿ ಬದಲ್ಸೂಕೆ ಎಂತದೂ ಇಲ್ಲ. ಕೂತ್ಕಳಿ" ಎಂದು ಹೆಂಡತಿ ಪಂಚೆಯ ಚುಂಗು ಹಿಡಿದು ಎಳೆಯುತ್ತಿದ್ದರು.

ಕೂರುತ್ತಿದ್ದರು. ಆದರೆ ಮಂಡಿಯ ಮೇಲೆ ಬಲಗೈಯ ಎರಡು ಬೆರಳು ಇಲ್ಲದ ತಿರುಪನ್ನು ತಿರುಗಿಸುತ್ತಲೇ ಇರುತ್ತಿದ್ದವು.

ಆಷಾಢದ ಗಾಳಿ ಒಂದು ವಾರ ಬಿಡದೆ ಬೀಸಿತು. ಆಮೇಲಿನ ಭಾನುವಾರ ಬ್ಯಾಣಕ್ಕೆ ಹೋದಾಗ ಎದುರಿನ ನೆತ್ತಿ ಬೋಳಾಗಿತ್ತು. ಹೊನ್ನೆಮರ ಬಿದ್ದುಹೋಗಿತ್ತು. ನಾನು ಬಾಯಿ ತೆರೆಯುವುದರೊಳಗೆ ಆಪರೇಟರ್ ಹೇಳಿದರು, "ಇವತ್ತು ಮರ ಚಲೋ ಕಾಣ್ತದೆ ಅಕ್ಕೋರೆ. ನಿನ್ನೆಗಿಂತ ಚಲೋ."

ನಾನು ಆಕೆಯ ಮುಖ ನೋಡಿದೆ. ಆಕೆ ಗುಡ್ಡದ ಕಡೆಗೇ ನೋಡುತ್ತಿದ್ದರು. "ಹೌದು, ಕಾಣ್ತದೆ" ಎಂದರು, ನಿಧಾನಕ್ಕೆ. ಮರಳುವ ದಾರಿಯಲ್ಲಿ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಮೂರು ದಿನ ಆತು ಮರ ಬಿದ್ದು. ದಿನಾ ಹೀಂಗೇ ಹೇಳ್ತಾರೆ. ನಾ ಬೇಜಾರು ಮಾಡ್ಕಬಾರ್ದು ಅಂತ ಹೇಳ್ತಾರೋ, ಅವ್ರಿಗೇ ಹಾಂಗೆ ಕಾಣ್ತದೋ... ಕೇಳೂಕೆ ಹೆದ್ರಿಕೆ." ಆಮೇಲೂ ಇಬ್ಬರೂ ಬ್ಯಾಣಕ್ಕೆ ಹೋಗುವುದನ್ನು ಬಿಡಲಿಲ್ಲ.

ದೀಪಾವಳಿ ಕಳೆದು ಟೆಂಟು ಮತ್ತೆ ಎದ್ದಿತು. ಕಣ್ಣು ಸುಧಾರಿಸಿದೆ ಎಂದು ಮಾಲೀಕರಿಗೆ ಹೇಳಿ ಆಪರೇಟರ್ ಕೆಲಸಕ್ಕೆ ಹೋದರು. ಬೇರೆ ಯಾವ ಕೆಲಸ ಬರುತ್ತಿತ್ತು ಅವರಿಗೆ? ಮೊದಲ ದಿನದ ಆಟಕ್ಕೆ ನಾನೂ, ಅವರ ಹೆಂಡತಿಯೂ ಹೋಗಿ ಹೆಂಗಸರ ಚಾಪೆಯ ಮೇಲೆ ಕೂತಿದ್ದೆವು. ತೆರೆಯ ಮೇಲೆ ಹೆಸರುಗಳು ಮೂಡಿದವು. ಒಂದಕ್ಷರವೂ ಓದುವಂತಿರಲಿಲ್ಲ. "ಆಪರೇಟ್ರೇ, ಫೋಕಸ್!" ಎಂದು ಯಾರೋ ಕೂಗಿದರು. ಚಿತ್ರ ಇನ್ನಷ್ಟು ಮಸುಕಾಯಿತು. "ಫೋಕಸ್! ಫೋಕಸ್!" ಇಡೀ ಟೆಂಟು ಕೂಗತೊಡಗಿತು. ಹುಡುಗರು ತಾಳ ಹಾಕಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲುಗಾಡದೆ ಕೂತಿದ್ದರು. ಆ ಕೂಗಾಟದಷ್ಟು ಕ್ರೂರವಾದದ್ದನ್ನು ನಾನು ಆಮೇಲೆ ಕೇಳಿಲ್ಲ. ಕೂಗಿದವರಿಗೆ ಏನೂ ಗೊತ್ತಿರಲಿಲ್ಲ ಎಂಬುದೂ ನಿಜ.

ಆ ವಾರವೇ ಮಾಲೀಕರು ಬೇರೆಯವರನ್ನು ಕರೆಸಿದರು. ಗಂಡ ಹೆಂಡತಿ ಮನೆ ಖಾಲಿ ಮಾಡಿ ಮೇಗರವಳ್ಳಿ ಕಡೆಯ ಆಕೆಯ ತವರಿಗೆ ಹೊರಟರು. ಹೊರಡುವಾಗ ಆಪರೇಟರ್ ಜೇಬಿನಿಂದ ಈ ಕಡ್ಡಿಯ ತುಂಡು ತೆಗೆದು, ನನ್ನ ಕೈ ತಡವಿ, ಅಂಗೈಯಲ್ಲಿಟ್ಟರು. "ಶಾಲೆ ಮಕ್ಕಳಿಗೆ ಆಡೂಕೆ ಕೊಡಿ" ಎಂದರು. ಕೊಡಲು ನನಗೆ ಮನಸ್ಸಾಗಲಿಲ್ಲ.

ಎಷ್ಟೋ ಕಾಲದ ನಂತರ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕರು. ಆಪರೇಟ್ರು ಹೇಗಿದ್ದಾರೆ ಎಂದು ಕೇಳಿದೆ. "ಕಣ್ಣು ಪೂರ್ತಿ ಹೋತು ಅಕ್ಕೋರೆ. ಮನೆ ಸುತ್ತ ಕಾಡೇ. ಹಸಿರಿಗೆ ಮುಖ ಮಾಡಿ ಕೂರ್ಸಿ ಕೆಲಸಕ್ಕೆ ಹೋಗ್ತೀನಿ. ಬೆರಳು ಮಾತ್ರ ನಿಂತಿಲ್ಲ." ಅಷ್ಟರಲ್ಲಿ ಬಸ್ಸು ಬಂತು. ಆಮೇಲೆ ಅವರ ಸುದ್ದಿ ಸಿಗಲಿಲ್ಲ... ಇಬ್ಬರೂ ಈಗ ಇರಲಾರರು.

ಕಳೆದ ಭಾನುವಾರ ಆ ಬ್ಯಾಣಕ್ಕೆ ಹೋಗಿದ್ದೆ. ಡಾಕ್ಟರ ಮಾತು ಕೇಳಿದಂತಾಗಲಿ ಎಂದು ಫೋನನ್ನು ಕಾರಿನಲ್ಲೇ ಬಿಟ್ಟೆ. ಬ್ಯಾಣ ಇರಲಿಲ್ಲ. ಗುಡ್ಡದ ತುಂಬ ಅಕೇಶಿಯಾ ನೆಟ್ಟಿದ್ದಾರೆ, ಒಂದರ ಹಿಂದೆ ಒಂದು ಕಂಬದಂತೆ. ಹಸಿರೇನೋ ಇದೆ, ದೂರವೆಂಬುದೇ ಇಲ್ಲ. ಒಣಗಿದ ಎಲೆಗಳ ಮೇಲೆ ಕೂತೆ. ಹಕ್ಕಿಯ ಸದ್ದೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ, ನನ್ನ ಬಲಗೈಯ ಹೆಬ್ಬೆರಳು ಇಲ್ಲದ ಫೋನನ್ನು ಸವರುತ್ತ ಖಾಲಿ ಅಂಗೈಯ ಮೇಲೆ ತನ್ನಷ್ಟಕ್ಕೆ ತಾನು ಸರಿದಾಡುತ್ತಿತ್ತು. ದಡಕ್ಕನೆ ಎದ್ದು ನಿಂತೆ. ಸೆರಗು ಹಿಡಿದೆಳೆದು "ಕೂತ್ಕಳಿ" ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಕಾರಿನ ಕಡೆಗೆ ನಡೆದೆ.